ವಾರಂಟಿ ಮುಗಿದ ಮೇಲೆ

ಅವರ ಉತ್ತರಕ್ರಿಯೆಯ ಊಟಕ್ಕೆ ಕುಳಿತಿದ್ದಾಗ ನನ್ನ ಪಕ್ಕದ ಎಲೆಯವರು ಉಪ್ಪಿನಕಾಯಿ ನೆಕ್ಕುತ್ತಾ, "ಪಾಪ, ತುಂಬಾ ಒಳ್ಳೆಯ ಮನುಷ್ಯ" ಎಂದರು. ಎದುರು ಸಾಲಿನಲ್ಲಿದ್ದ, ನಮ್ಮ ಹಳೆಯ ಆರ್ಕೆಸ್ಟ್ರಾದ ಡ್ರಮ್ಮಿನವರು ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿ ತಲೆಯೆತ್ತಿ, "ಯಾರು?" ಎಂದು ಕೇಳಿದರು. ತಮಾಷೆಗಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

ಹೆಸರು ಬರೆಯುವುದಿಲ್ಲ. ಬರೆದರೆ ಬಂಟ್ವಾಳ ಪೇಟೆಯಲ್ಲಿ ಯಾರಾದರೂ ನನ್ನನ್ನು ನಿಲ್ಲಿಸಿ, ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಹುದಾ ಮಾಸ್ಟ್ರೇ ಎಂದು ಕೇಳುತ್ತಾರೆ. ಬರೆಯದಿದ್ದರೂ ಕೇಳುತ್ತಾರೆ. ಆಗ 'ಅದು ಅವರಲ್ಲ, ಬೇರೆಯವರು' ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಇಂಥ ಮುನ್ನೆಚ್ಚರಿಕೆಗಳಲ್ಲಿಯೇ ನನ್ನ ಐವತ್ತೊಂದು ವರ್ಷ ಕಳೆದಿದೆ.

ಅವರಿಗೆ ಬಂಟ್ವಾಳದ ಹಳೆ ಪೇಟೆಯಲ್ಲಿ ಮೈಕ್, ಸ್ಪೀಕರ್, ಆಂಪ್ಲಿಫಯರ್ ರಿಪೇರಿಯ ಅಂಗಡಿ ಇತ್ತು. ರಸ್ತೆಯಿಂದ ಮೂರು ಮೆಟ್ಟಿಲು ಕೆಳಗೆ. ಮಳೆಗಾಲದಲ್ಲಿ ನೇತ್ರಾವತಿ ಬಂದು ಹೋಗುತ್ತಿದ್ದಳು. ಅವಳು ಎಲ್ಲಿಯವರೆಗೆ ಬಂದಿದ್ದಳೆಂದು ಗೋಡೆಯ ಮೇಲೆ ನೀಲಿ ಪೇಂಟಿನಲ್ಲಿ ಗೆರೆ ಎಳೆದಿದ್ದರು. ಇದು ಹೊಟ್ಟೆಪಾಡಿನ ಕಸುಬು. ಅವರ ನಿಜವಾದ ಕಸುಬು ನಮ್ಮ ಊರಿನ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ಬಾರಿಸುವುದು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ಆರು ವರ್ಷ ಅದೇ ತಂಡದಲ್ಲಿ ನಿರೂಪಕನಾಗಿದ್ದೆ. 'ಇದೀಗ ನಿಮ್ಮ ಮುಂದೆ ಮತ್ತೊಂದು ಸುಮಧುರ ಗೀತೆ' ಎಂದು ಹೇಳಿ ಬದಿಗೆ ಸರಿಯುವುದು ನನ್ನ ಕೆಲಸ. ತಂಡದಲ್ಲಿ ಏನೂ ಬಾರಿಸಲು ಬಾರದವನು ನಾನೊಬ್ಬನೇ. ಅವರು ನನ್ನನ್ನು ಹೆಸರಿನಿಂದ ಕರೆದದ್ದೇ ಇಲ್ಲ. 'ಭಾಷಣ' ಎನ್ನುತ್ತಿದ್ದರು. "ಏ ಭಾಷಣ, ಚಾ ಹೇಳು." "ಭಾಷಣ, ಸ್ವಲ್ಪ ಬಾಯಿ ಮುಚ್ಚು, ಶ್ರುತಿ ಮಾಡ್ಲಿಕ್ಕೆ ಉಂಟು."

ಅವರ ನಾಲಗೆಯ ಬಗ್ಗೆ ಒಂದೇ ಉದಾಹರಣೆ ಕೊಡುತ್ತೇನೆ. ಕನ್ಯಾನದಿಂದ ಒಬ್ಬ ಗಾಯಕ ಬರುತ್ತಿದ್ದ. ಸಾಧು ಮನುಷ್ಯ, ತೆಳ್ಳಗಿನ ಸ್ವರ. ಒಂದು ಭಾನುವಾರ ಮಧ್ಯಾಹ್ನ ವಿಟ್ಲದ ಒಂದು ಮದುವೆ ಹಾಲಿನಲ್ಲಿ ಅವನ ಹಾಡು ಕೇಳಲೆಂದೇ ಅವನಿಗೆ ನೋಡಿದ್ದ ಹುಡುಗಿಯ ಕಡೆಯವರು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವನು ಆ ಸಂಗತಿಯನ್ನು ನಾಚಿಕೊಳ್ಳುತ್ತಾ ನಮಗೆಲ್ಲ ಹೇಳಿದ್ದೇ ತಪ್ಪಾಯಿತು. ಮೊದಲ ಚರಣ ಚೆನ್ನಾಗಿಯೇ ಹಾಡಿದ. ನಡುವಿನ ಸಂಗೀತ ಬಂದಾಗ ಇವರು ಕೀಬೋರ್ಡಿನವನಿಗೆ ಕಣ್ಣು ಹೊಡೆದು ಇಡೀ ಹಾಡಿನ ಶ್ರುತಿಯನ್ನು ಎರಡು ಮನೆ ಮೇಲಕ್ಕೆ ಏರಿಸಿಬಿಟ್ಟರು. ಎರಡನೆಯ ಚರಣಕ್ಕೆ ಬಾಯಿ ತೆರೆದವನ ಗಂಟಲಿನಿಂದ ಬಂದದ್ದು ಕತ್ತು ಹಿಡಿದ ಕೋಳಿಯ ಕೂಗು. ಮುಂದಿನ ಸಾಲಿನಲ್ಲಿ ಯಾರೋ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ವೇದಿಕೆಯ ಹಿಂದೆ ಅವನು ಅಳುತ್ತಾ, "ಯಾಕಣ್ಣ ಹೀಗೆ ಮಾಡಿದಿರಿ?" ಎಂದು ಕೇಳಿದ.

"ಹಾಡುಗಾರ ಅಂತ ಹೇಳಿದಿ. ಮೆಟ್ಟಿಲು ಹತ್ಲಿಕ್ಕೆ ಆಗುದಿಲ್ಲ ಅಂತ ಹೇಳ್ಲಿಲ್ಲ ಮಾರಾಯ."

ಅವನು ಆಮೇಲೆ ಹಾಡಲಿಲ್ಲ. ಸಂಬಂಧ ಮಾತ್ರ ಮುರಿಯಲಿಲ್ಲ, ಮದುವೆ ಆಯಿತು. ಆ ಸುದ್ದಿ ಅಂಗಡಿಗೆ ಬಂದಾಗ ಇವರು ಬೆಸುಗೆ ಹಾಕುತ್ತಿದ್ದ ತಂತಿಯಿಂದ ಕಣ್ಣು ತೆಗೆಯದೆ, "ಹಾಗಾದ್ರೆ ನನ್ನ ಶಿಕ್ಷೆ ಸಾಕಾಗ್ಲಿಲ್ಲ ಅಂತ ದೇವರಿಗೂ ಕಂಡಿತು" ಎಂದರು. ನಾವೆಲ್ಲ ನಕ್ಕೆವು. ನಾನು ಸ್ವಲ್ಪ ಜೋರಾಗಿಯೇ ನಕ್ಕೆ. ಅವರ ನಾಲಗೆ ಬೇರೆಯವರ ಮೇಲೆ ಇದ್ದಷ್ಟು ಹೊತ್ತು ನನ್ನ ಮೇಲೆ ಇರುವುದಿಲ್ಲವಲ್ಲ.

ಅವರ ಗಿಟಾರ್ ಕೆಂಪು ಬಣ್ಣದ್ದು. ದುಬಾಯಿಯಲ್ಲಿದ್ದ ಸ್ನೇಹಿತರೊಬ್ಬರಿಂದ ತರಿಸಿದ್ದು. ಅಂಗಡಿಯಲ್ಲಿ ಅವರ ಕುರ್ಚಿಯ ಬದಿಗೆ, ಮೊಣಕಾಲಿನ ಎತ್ತರದಲ್ಲಿ, ಒಂದು ಕೊಕ್ಕೆಗೆ ತೂಗುತ್ತಿತ್ತು. ಕುಳಿತಲ್ಲಿಂದಲೇ ಕೈ ಚಾಚಿದರೆ ಸಿಗಬೇಕು, ಅದಕ್ಕೆ. ಅದರ ಬಗ್ಗೆ ಒಂದೇ ಕಾನೂನು: "ನೋಡು. ಮುಟ್ಟಬೇಡ." ಗಿರಾಕಿಗಳಿಗೂ ಅದೇ, ತಂಡದವರಿಗೂ ಅದೇ, ಹೆಂಡತಿಗೂ ಅದೇ. ಅತ್ತಿಗೆ ಅಂಗಡಿ ಗುಡಿಸುವಾಗ ಅದರ ಕೆಳಗಿನ ಎರಡು ಚದರ ಅಡಿಯನ್ನು ಬಿಟ್ಟು ಗುಡಿಸುತ್ತಿದ್ದರು.

ನನಗೆ ಗಿಟಾರಿನ ಹುಚ್ಚು ಹಿಡಿದದ್ದು ಒಂದು ಮಧ್ಯಾಹ್ನ, ಕರೆಂಟ್ ಇಲ್ಲದ ಹೊತ್ತಿನಲ್ಲಿ. ಕರೆಂಟ್ ಇಲ್ಲದಿದ್ದರೆ ಎಲೆಕ್ಟ್ರಿಕ್ ಗಿಟಾರ್ ಎಂದರೆ ಒಂದು ಹಲಗೆ. ಸೊಳ್ಳೆಯಷ್ಟು ಶಬ್ದ ಬರುತ್ತದೆ. ಅವರು ತಲೆಯನ್ನು ಬಗ್ಗಿಸಿ ಕಿವಿಯನ್ನು ಅದರ ಮರಕ್ಕೆ ಒತ್ತಿ ಇಟ್ಟುಕೊಂಡು ಬಾರಿಸುತ್ತಿದ್ದರು. ನಾನು ನೋಡುತ್ತಾ ನಿಂತದ್ದನ್ನು ಕಂಡು, "ಕೈ ಹಿಂದೆ ಕಟ್ಟು. ಕಿವಿ ಇಡು" ಎಂದರು. ನಾನು ಶಾಲೆಯ ಮಕ್ಕಳ ಹಾಗೆ ಕೈ ಹಿಂದೆ ಕಟ್ಟಿ, ಬಗ್ಗಿ, ಆ ಕೆಂಪು ಮರಕ್ಕೆ ಕಿವಿಯಿಟ್ಟೆ. ಹೊರಗೆ ಕೇಳದ್ದು ಒಳಗೆ ದೊಡ್ಡ ಹೊಳೆಯ ಹಾಗೆ ಹರಿಯುತ್ತಿತ್ತು. ಎಷ್ಟು ಹೊತ್ತೆಂದು ಗೊತ್ತಿಲ್ಲ. ಕರೆಂಟ್ ಬಂದದ್ದೇ, "ಸಾಕು, ಕಿವಿಯ ಎಣ್ಣೆ ಹಿಡಿದೀತು" ಎಂದು ತಲೆಯನ್ನು ದೂಡಿದರು. ಆ ದಿನದಿಂದ ನನಗೊಂದು ಎಲೆಕ್ಟ್ರಿಕ್ ಗಿಟಾರ್ ಬೇಕಾಯಿತು. ಬೇಕಾಗಿಯೇ ಉಳಿಯಿತು.

ಒಮ್ಮೆ ಮುಟ್ಟಿದೆ. ಮೂಡುಬಿದಿರೆಯ ಒಂದು ಮದುವೆ ಹಾಲು. ಮಧ್ಯಾಹ್ನದ ಊಟ ನಡೆಯುತ್ತಿತ್ತು. ನಾವು ಸರದಿಯಲ್ಲಿ ಉಂಡು ಬರುತ್ತಿದ್ದೆವು. ಅವರು ಕೈ ತೊಳೆಯಲು ಹೋಗಿದ್ದರು. ಗಿಟಾರ್ ಕುರ್ಚಿಗೆ ಒರಗಿಕೊಂಡಿತ್ತು. ನಾನು ಬೆರಳಿನ ತುದಿಯಿಂದ ದಪ್ಪ ತಂತಿಯೊಂದನ್ನು ಮೆಲ್ಲಗೆ ಸವರಿದೆ. ಶಬ್ದ ಪೂರ್ತಿ ಇಟ್ಟೇ ಅವರು ಹೋಗಿದ್ದಾರೆಂದು ನನಗೆ ಹೇಗೆ ಗೊತ್ತಾಗಬೇಕು? ಹಾಲಿನ ನಾಲ್ಕೂ ಸ್ಪೀಕರುಗಳು ಒಟ್ಟಿಗೆ ಗುಡುಗಿದವು. ಒಬ್ಬ ಹುಡುಗಿಯ ಕೈಯಿಂದ ಹಪ್ಪಳದ ಬುಟ್ಟಿ ಬಿತ್ತು.

ಅವರು ಒದ್ದೆ ಕೈಯಲ್ಲಿಯೇ ಬಂದರು. ಬೈಯಲಿಲ್ಲ. ಗಿಟಾರನ್ನು ಎತ್ತಿ ಅದರ ಪಟ್ಟಿಯನ್ನು ನನ್ನ ಕುತ್ತಿಗೆಗೆ ಹಾಕಿದರು. ಆಮೇಲೆ ನನ್ನದೇ ಮೈಕ್ ತೆಗೆದುಕೊಂಡು, ನನ್ನದೇ ಧಾಟಿಯಲ್ಲಿ, "ಇದೀಗ ನಿಮ್ಮ ಮುಂದೆ ನಮ್ಮ ನಿರೂಪಕರು ಗಿಟಾರ್ ನುಡಿಸಲಿದ್ದಾರೆ. ದಯವಿಟ್ಟು ಎಲ್ಲರೂ ಊಟ ನಿಲ್ಲಿಸಿ ಕೇಳಬೇಕಾಗಿ ವಿನಂತಿ" ಎಂದರು. ಜನ ನಿಜವಾಗಿಯೂ ನಿಲ್ಲಿಸಿದರು. ಪಾಯಸದ ಸೌಟು ಗಾಳಿಯಲ್ಲಿ ನಿಂತಿತು. ನಾನು ಏನಾದರೂ ಮಾಡಬೇಕಲ್ಲ ಎಂದು ಕೈಯನ್ನು ತಂತಿಗಳ ಮೇಲೆ ಎಳೆದೆ. ಆ ಶಬ್ದವನ್ನು ವರ್ಣಿಸುವುದಿಲ್ಲ. ಮದುಮಗಳೂ ನಕ್ಕಳು.

"ಈಗ ಮುಟ್ಟಿ ಆಯ್ತಲ್ಲ?" ಎಂದು ಗಿಟಾರನ್ನು ಬಿಚ್ಚಿಕೊಂಡರು. "ಇನ್ನು ಜೀವಮಾನಕ್ಕೆ ಸಾಕು."

ಜೀವಮಾನವಿಡೀ ನನಗೆ ಅದು ಸಾಕಾಗಲಿಲ್ಲ. ಬೆಳ್ತಂಗಡಿಯಲ್ಲಿ ಹೈಸ್ಕೂಲ್ ಗಣಿತದ ಮಾಸ್ಟ್ರಾದೆ. ಹತ್ತನೆಯ ತರಗತಿಯಲ್ಲಿ ಲೆಕ್ಕ ಬಾರದವರನ್ನು ಬೋರ್ಡಿನ ಮುಂದೆ ನಿಲ್ಲಿಸಿ ನಾನು ಆಡುವ ಮಾತುಗಳಲ್ಲಿ ಅರ್ಧ ಅವರ ಅಂಗಡಿಯಲ್ಲಿ ಕಲಿತದ್ದು. ಮಕ್ಕಳು ನಗುತ್ತಾರೆ, ನಿಂತವನನ್ನು ಬಿಟ್ಟು. ಮದುವೆ, ಮಗಳು, ಮನೆ, ಸಕ್ಕರೆ ಕಾಯಿಲೆ ಬಂದೀತೆಂಬ ಭಯ, ಬಾರದ್ದಕ್ಕೆ ಇನ್ನೊಂದು ಭಯ. ಪ್ರತಿ ವರ್ಷ ಗಿಟಾರಿಗೆಂದು ಇಟ್ಟದ್ದು ಯಾವುದೋ ಭಯಕ್ಕೆ ಖರ್ಚಾಗುತ್ತಿತ್ತು.

ಅತ್ತ ಮದುವೆ ಹಾಲುಗಳಿಗೆ ಲ್ಯಾಪ್‌ಟಾಪ್ ಹಿಡಿದ ಕರೋಕೆಯವರು ಬಂದರು, ಆರ್ಕೆಸ್ಟ್ರಾ ಮುಗಿಯಿತು. ಆಮೇಲೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ ಪೂರ್ತಿ ಹೋಯಿತು, ಮುಖ ಅರ್ಧ. ಮಾತು ಮಾತ್ರ ಉಳಿಯಿತು. ಅದನ್ನು ಮುಟ್ಟಲು ರೋಗಕ್ಕೂ ಧೈರ್ಯ ಬರಲಿಲ್ಲ ಎಂದು ಡ್ರಮ್ಮಿನವರು ಫೋನಿನಲ್ಲಿ ಹೇಳಿದರು. ಅವರು ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಗಲೇ ಆ ವರ್ಷದ ನೆರೆ ಬಂತು. ಅತ್ತಿಗೆ ಮತ್ತು ಅಕ್ಕಪಕ್ಕದ ಅಂಗಡಿಯವರೆಲ್ಲ ಸೇರಿ ಅವರ ಸ್ಪೀಕರು, ಆಂಪ್ಲಿಫಯರು, ಹಳೆಯ ಬಲ್ಬಿನ ಪೆಟ್ಟಿಗೆ ಕೂಡ ಬಿಡದೆ ಅಟ್ಟಕ್ಕೆ ಏರಿಸಿದರು. ಮೊಣಕಾಲೆತ್ತರದಲ್ಲಿ ತೂಗುತ್ತಿದ್ದ ಗಿಟಾರನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನೀರು ಏರಿತು, ಎರಡು ದಿನ ನಿಂತಿತು, ಇಳಿಯಿತು.

"ತೆಗೆದಿಡಬಹುದಿತ್ತಲ್ಲ ಅತ್ತಿಗೆ?" ಎಂದು ನಾನು ಆಮೇಲೆ ಕೇಳಿದ್ದೆ.

"ಮುಟ್ಟಬಾರದು ಅಂತ ಇತ್ತಲ್ಲ" ಎಂದರು. ಅವರ ಮುಖದಲ್ಲಿ ಏನಿತ್ತೆಂದು ಇವತ್ತಿಗೂ ಹೇಳಲಾರೆ. ದುಃಖ ಇರಲಿಲ್ಲ.

ಇನ್ನು ನನ್ನ ಸಂತೋಷದ ವಿಷಯ. ಹೋದ ವರ್ಷ, ಯಾವ ಭಯವೂ ಬಾಕಿ ಇಲ್ಲದ ಒಂದು ತಿಂಗಳು ಅದು ಹೇಗೋ ಬಂತು. ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳು ಹೆಚ್ಚಿರುವುದರಿಂದ ಗಿಟಾರಿನ ಅಂಗಡಿಯೊಂದು ಉಂಟು. ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿ. ಹಳೆಯ ವಿದ್ಯಾರ್ಥಿಗಳು ಯಾರಾದರೂ ನೋಡಿಯಾರೆಂದು ಕೆಳಗೆ ಮೂರು ಸಲ ಚಪ್ಪಲಿ ನೋಡಿದೆ. ಒಂದು ಜೊತೆ ಕೊಂಡೂ ಕೊಂಡೆ. ಮೇಲೆ ಹೋದರೆ ಗಲ್ಫಿನಿಂದ ಮರಳಿ ಬಂದು ಅಂಗಡಿ ಇಟ್ಟಿದ್ದ ಕಾಕ, "ಯಾರಿಗೆ ಮಾಸ್ಟ್ರೇ? ಮಗನಿಗಾ?" ಎಂದರು.

"ಹೌದು" ಎಂದೆ. ನನಗೆ ಮಗನಿಲ್ಲ.

"ಹಾಗಾದ್ರೆ ಕರ್ಕೊಂಡು ಬನ್ನಿ. ಕೈಯ ಅಳತೆ ನೋಡಿ ಕೊಡುವ."

ಮರುವಾರ ಒಬ್ಬನೇ ಹೋಗಿ ತಪ್ಪೊಪ್ಪಿಕೊಂಡೆ. ಕಾಕ ನಗಲಿಲ್ಲ. "ನನ್ನ ಅರ್ಧ ಗಿರಾಕಿಗಳ ಮಕ್ಕಳು ಐವತ್ತು ದಾಟಿದವರೇ" ಎಂದು ನೀಲಿ ಬಣ್ಣದ್ದೊಂದನ್ನು ಗೋಡೆಯಿಂದ ಇಳಿಸಿ ನನ್ನ ತೊಡೆಯ ಮೇಲಿಟ್ಟರು. ಯಾರೂ 'ಮುಟ್ಟಬೇಡ' ಎನ್ನಲಿಲ್ಲ. ಅದರ ಹಿಂಬದಿ ನನ್ನ ಹೊಟ್ಟೆಗೆ ತಣ್ಣಗೆ ತಾಗಿತು. ಮದುವೆಯ ದಿನ ತಾಳಿಯನ್ನೂ ನಾನು ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ. ಇದನ್ನು ಹೆಂಡತಿ ಓದುವುದಿಲ್ಲವೆಂಬ ಧೈರ್ಯದಿಂದ ಬರೆದಿದ್ದೇನೆ.

ಕಾಕ ವಯರ್ ಸಿಕ್ಕಿಸಿ ಬಾರಿಸಿ ತೋರಿಸಲು ಹೊರಟಾಗ ನಾನು ಕೈ ಅಡ್ಡ ಹಿಡಿದೆ. "ಬೇಡ ಕಾಕ. ಮೊದಲ ಸ್ವರ ಒಬ್ಬರಿಂದ ಮಾಡಿಸ್ಲಿಕ್ಕೆ ಉಂಟು."

ಅದು ನಮ್ಮ ತಂಡದ ಪದ್ಧತಿ. ಯಾರು ಹೊಸ ವಾದ್ಯ ಕೊಂಡರೂ ಪೆಟ್ಟಿಗೆ ಬಿಚ್ಚದೆ ಅವರ ಅಂಗಡಿಗೆ ತರಬೇಕು. ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು. ಅವರು ಊದುಬತ್ತಿ ಹಚ್ಚಿ ಮೊದಲ ಸ್ವರ ನುಡಿಸಿ ಕೊಡುತ್ತಿದ್ದರು. ಅವರ ಕೈಗುಣ ದೊಡ್ಡದು. ಅವರು ಮುಟ್ಟಿಕೊಟ್ಟ ವಾದ್ಯಕ್ಕೆ ಬಿಡುವಿಲ್ಲದಷ್ಟು ಕರೆ ಬರುತ್ತದೆಂದು ನಂಬಿಕೆ. ನಾಲಗೆಗೂ ಕೈಗೂ ಸಂಬಂಧವಿಲ್ಲ ಎಂಬುದನ್ನು ನಾವೆಲ್ಲ ಒಪ್ಪಿಕೊಂಡಿದ್ದೆವು.

ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಬಸ್ಸಿನಲ್ಲಿ ಅದನ್ನು ಕಿಟಕಿಯ ಬದಿಗೆ ಕೂರಿಸಿ ಅದಕ್ಕೂ ಒಂದು ಟಿಕೆಟ್ ತೆಗೆದೆ. "ಇವರು ಎಲ್ಲಿ ಇಳಿಯುದು?" ಎಂದು ಕಂಡಕ್ಟರ್ ಕೇಳಿದ. ವೇಣೂರು ದಾಟುವಾಗ ಗಮನಿಸಿದೆ, ನಾನು ಒಬ್ಬನೇ ನಗುತ್ತಿದ್ದೆ. ಬ್ರೇಕ್ ಹಾಕಿದಾಗಲೆಲ್ಲ ಅದರ ಎದೆಗೆ ಕೈ ಅಡ್ಡ ಹಿಡಿಯುತ್ತಿದ್ದೆ, ಮಗಳು ಸಣ್ಣವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಮನೆಯಲ್ಲಿ ನಾಲ್ಕು ದಿನ ಚೀಲ ಬಿಚ್ಚದೆ ಮಂಚದ ಮೇಲೆ ಮಲಗಿಸಿದೆ. ದಾಟುವಾಗಲೆಲ್ಲ ಚೀಲದ ಮೇಲೆ ಕೈಯಾಡಿಸಿ ಹೋಗುತ್ತಿದ್ದೆ. "ಬಾರಿಸ್ಲಿಕ್ಕೆ ತಂದದ್ದಾ, ಕಾಯ್ಲಿಕ್ಕೆ ತಂದದ್ದಾ?" ಎಂದು ಹೆಂಡತಿ ಕೇಳಿದಳು.

ಭಾನುವಾರ ಗಿಟಾರ್, ಸಣ್ಣ ಆಂಪ್ಲಿಫಯರ್, ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಬಂಟ್ವಾಳಕ್ಕೆ ಹೋದೆ. ಎಡಗೈ ಇಲ್ಲದವರ ಮನೆಗೆ ಗಿಟಾರ್ ಒಯ್ಯುವುದು ಸರಿಯಾ ಎಂದು ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾದೀತು. ಯೋಚಿಸಿದೆ. ಮೊದಲ ಸ್ವರಕ್ಕೆ ಬಲಗೈ ಸಾಕಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅದರ ಅಡಿಯಲ್ಲಿ ಇನ್ನೊಂದು ಯೋಚನೆ ಇತ್ತು. ಅದನ್ನು ಆವತ್ತು ತಿರುವಿ ನೋಡಲಿಲ್ಲ.

ಅವರು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು. ಎಡಗೈ ತೊಡೆಯ ಮೇಲೆ, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ.

"ಏನು ಭಾಷಣ, ಬೆನ್ನಲ್ಲಿ ಎಂಥದ್ದು?"

"ಗಿಟಾರ್, ಅಣ್ಣ. ಎಲೆಕ್ಟ್ರಿಕ್."

"ಯಾರದ್ದು?"

"ನನ್ನದೇ."

ಅರ್ಧ ಮುಖದಿಂದ ನಕ್ಕರೂ ಪೂರ್ತಿ ಅವಮಾನ ಮಾಡಬಹುದೆಂದು ಆಗ ಗೊತ್ತಾಯಿತು. "ಒಳ್ಳೆಯದು. ನಿಂಗೆ ಎರಡು ಕೈ ಉಂಟು, ಬಾರಿಸ್ಲಿಕ್ಕೆ ಬರುದಿಲ್ಲ. ನಂಗೆ ಬರ್ತದೆ, ಕೈ ಇಲ್ಲ. ದೇವರು ಹಂಚುವಾಗ ಕುಡಿದಿದ್ದ."

"ಮೊದಲ ಸ್ವರ ನಿಮ್ಮ ಕೈಯಿಂದ ಆಗಬೇಕು."

"ಯಾವ ಕೈಯಿಂದ?"

ನಾನು ವಯರ್ ಸಿಕ್ಕಿಸಿ ಗಿಟಾರನ್ನು ಅವರ ತೊಡೆಗೆ ಕೊಟ್ಟೆ. ಅತ್ತಿಗೆ ಊದುಬತ್ತಿ ತಂದರು. ಅವರು ಬಲಗೈ ಹೆಬ್ಬೆರಳಿನಿಂದ ತಂತಿಗಳನ್ನು ಒಮ್ಮೆ ಸವರಿದರು. ಶಬ್ದ ಬಂತು. ಪದ್ಧತಿ ಅಲ್ಲಿಗೆ ಮುಗಿಯಿತು. ನಾನು ಕೈ ಚಾಚಿದೆ.

ಅವರು ಕೊಡಲಿಲ್ಲ. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡರು. ಆಮೇಲೆ, "ಶಬ್ದ ಜಾಸ್ತಿ ಮಾಡು" ಎಂದರು. ಮಾಡಿದೆ. "ಇನ್ನೂ."

ಗಿಟಾರಿನಲ್ಲಿ ಒಂದು ಕೈ ತಂತಿ ಒತ್ತಬೇಕು, ಇನ್ನೊಂದು ಮೀಟಬೇಕು, ಎರಡೂ ಬೇಕು. ಆದರೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಶಬ್ದ ಮೇಲಿಟ್ಟರೆ ಮೀಟುವುದೇ ಬೇಡ. ಬೆರಳನ್ನು ತಂತಿಯ ಮೇಲೆ ಗಟ್ಟಿಯಾಗಿ ಕುಟ್ಟಿದರೆ ಸಾಕು, ಸ್ವರ ತಾನಾಗಿ ಎದ್ದು ಬರುತ್ತದೆ. ಅವರು ಬಲಗೈಯ ಒಂದು ಬೆರಳಿನಿಂದ ಕುಟ್ಟಿದರು. ಬಂತು. ಇನ್ನೊಂದು ಬೆರಳಿನಿಂದ. ಬಂತು. ಮೂರನೆಯದ್ದು ತಪ್ಪಿತು, ತಮ್ಮ ಕೈಗೇ ಒಂದು ಕೆಟ್ಟ ಬೈಗುಳ ಬೈದು ಮತ್ತೆ ಕುಟ್ಟಿದರು. ಹತ್ತು ನಿಮಿಷ ಆಗಿರಬಹುದು. ಬಿಡಿ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಒಂದು ಸಾಲಾದವು. ನಾವು ಯಾವ ಮದುವೆಯಲ್ಲೂ ಬಾರಿಸದ ಸಾಲು. ಅತ್ತಿಗೆ ತೆಂಗಿನ ತುರಿ ಹತ್ತಿದ ಕೈಯಲ್ಲಿ ಬಾಗಿಲಿಗೆ ಬಂದು ನಿಂತರು. ಇವರು ಆ ಸಾಲನ್ನು ಎರಡು ಸಲ, ಮೂರು ಸಲ ಬಾರಿಸಿದರು.

ನಾನು ಏನು ಮಾಡುತ್ತಿದ್ದೆ? ಅವರ ಉಗುರು ನೋಡುತ್ತಿದ್ದೆ. ಬೆಳೆದಿತ್ತು. ಹೊಸ ಗಿಟಾರಿಗೆ ಎಲ್ಲಿ ಗೀರು ಬಿತ್ತೋ ಎಂದು ಕಣ್ಣು ಕೀಲಿಸಿ ನೋಡುತ್ತಿದ್ದೆ. ಜೊತೆಗೆ ಇನ್ನೊಂದು ಸಂಕಟ: ಮೂವತ್ತು ವರ್ಷ ಆಸೆಪಟ್ಟು ಕೊಂಡದ್ದರಲ್ಲಿ ಒಂದು ಕೈಯ ಮನುಷ್ಯ ಹತ್ತು ನಿಮಿಷದಲ್ಲಿ ಮಾಡಿದ್ದನ್ನು ನಾನು ಎರಡು ಕೈಯಲ್ಲಿ ಸಾಯುವವರೆಗೂ ಮಾಡಲಾರೆ.

ಅವರು ನಿಲ್ಲಿಸಿದರು. ತಲೆ ಎತ್ತಲಿಲ್ಲ. "ಎರಡು ದಿನ ಇಲ್ಲಿಯೇ ಇರ್ಲಿ" ಎಂದರು.

'ಇಟ್ಟು ಹೋಗು' ಎನ್ನಲಿಲ್ಲ. ಅವರ ಬಾಯಿಂದ ನಾನು ಕೇಳಿದ ಮಾತುಗಳಲ್ಲಿ ಬೇಡಿಕೆಗೆ ಹತ್ತಿರವಾದದ್ದು ಅದೊಂದೇ.

"ವಾರಂಟಿ ಉಂಟಣ್ಣ" ಎಂದೆ. ಎಲ್ಲಿಂದ ಬಂತೋ ಗೊತ್ತಿಲ್ಲ. "ಬೇರೆಯವರು ಬಾರಿಸಿದರೆ ವಾರಂಟಿ ಹೋಗ್ತದೆ ಅಂತ ಅಂಗಡಿಯವರು ಹೇಳಿದ್ದಾರೆ."

ನಲವತ್ತು ವರ್ಷ ರಿಪೇರಿ ಮಾಡಿದ ಮನುಷ್ಯನಿಗೆ ನಾನು ವಾರಂಟಿಯ ಪಾಠ ಹೇಳುತ್ತಿದ್ದೆ. ಅವರು ನನ್ನನ್ನು ದೀರ್ಘವಾಗಿ ನೋಡಿದರು. ನಾನು ಅವರ ಅಂಗಡಿಯಲ್ಲಿ ಕಾಣುತ್ತಿದ್ದ ನೋಟ ಅದು: ಆಂಪ್ಲಿಫಯರಿನ ಮುಚ್ಚಳ ತೆಗೆದು, ಎಲ್ಲಿ ಸುಟ್ಟಿದೆ ಎಂದು ಹುಡುಕುವಾಗಿನದ್ದು.

"ಎಷ್ಟು ಸಮಯಕ್ಕೆ?"

"ಒಂದು ವರ್ಷ."

"ಹೌದೌದು. ವಾರಂಟಿ ದೊಡ್ಡದು." ಬೆರಳುಗಳನ್ನು ಒಂದೊಂದಾಗಿ ತಂತಿಯಿಂದ ಎತ್ತಿದರು. "ಹಾಗಾದ್ರೆ ಮುಗಿದ ಮೇಲೆ ತಾ."

ನಾನು ಗಿಟಾರನ್ನು ತೆಗೆದುಕೊಂಡೆ. ಚೀಲಕ್ಕೆ ಹಾಕುವಾಗ ಅವರು ಅದನ್ನೇ ನೋಡುತ್ತಿದ್ದರು. "ನೋಡ್ಲಿಕ್ಕೆ ಅಡ್ಡಿ ಇಲ್ಲವಲ್ಲ?" ಎಂದರು. ನಾನು ಜಿಪ್ ಎಳೆದೆ.

ಬಂಟ್ವಾಳದಿಂದ ವಾಪಸ್ ಬರುವ ಬಸ್ಸಿನಲ್ಲಿ ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆಗಲಿಲ್ಲ. ಮೂಡುಬಿದಿರೆಯಿಂದ ತರುವಾಗಿನ ಸಂತೋಷಕ್ಕಿಂತ ದೊಡ್ಡದೊಂದು ಸಂತೋಷ ಪುಂಜಾಲಕಟ್ಟೆ ದಾಟುವವರೆಗೂ ನನ್ನೊಳಗೆ ಕುಣಿಯುತ್ತಿತ್ತು. ಹಪ್ಪಳದ ಬುಟ್ಟಿ, ಗಾಳಿಯಲ್ಲಿ ನಿಂತ ಸೌಟು, ನಕ್ಕ ಮದುಮಗಳು, ಎಲ್ಲದಕ್ಕೂ ಲೆಕ್ಕ ಸರಿಹೋದ ಹಾಗೆ. ನಾನು ನಿಜವಾಗಿ ಕೊಳ್ಳಲು ಆಸೆಪಟ್ಟದ್ದು ಗಿಟಾರನ್ನಲ್ಲ, ಆ ಜಿಪ್ ಎಳೆಯುವ ಗಳಿಗೆಯನ್ನು ಎಂಬ ಅನುಮಾನ ಮಡಂತ್ಯಾರಿನಲ್ಲಿ ಬಂತು.

ವಾರಂಟಿ ಕಾರ್ಡನ್ನು ಆವತ್ತು ಮೊದಲ ಸಲ ಓದಿದೆ. ಅಂಗಡಿಯ ಸೀಲು ಮತ್ತು ದಿನಾಂಕ ಇಲ್ಲದಿದ್ದರೆ ಚಲಾವಣೆಯಿಲ್ಲ ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಸೀಲು ಇರಲಿಲ್ಲ. ಆತುರದಲ್ಲಿ ಹಾಕಿಸಲು ಮರೆತಿದ್ದೆ. ಅಡುಗೆಮನೆಯ ಗ್ಯಾಸಿನ ಪೈಪಿಗೂ ಫೈಲು ಇಟ್ಟಿರುವ ನಾನು!

ಮುಂದಿನ ಭಾನುವಾರ ಒಯ್ಯುತ್ತೇನೆ ಎಂದುಕೊಂಡೆ. ಆ ಭಾನುವಾರ ಮಳೆ. ಅದರ ಮುಂದಿನದ್ದಕ್ಕೆ ಪರೀಕ್ಷೆಯ ಪೇಪರು. ಹೋದರೆ ಏನು ಹೇಳುವುದು? ವಾರಂಟಿ ಬೇಗ ಮುಗಿಯಿತು ಎನ್ನುವುದಾ? ಮೊಬೈಲಿನ ವಿಡಿಯೋ ನೋಡಿ ನಾನೇ ಕಲಿಯತೊಡಗಿದೆ. ಬೆರಳ ತುದಿ ಸುಲಿಯಿತು, ತಂತಿ ಒತ್ತುವ ಮೂರು ಹಿಡಿತ ಬಂತು. "ಪಪ್ಪ, ಅದು ಹಾಳಾಗಿದೆಯಾ?" ಎಂದು ಮಗಳು ಕೇಳಿದಳು. ಹಾಗೆ ಒಂಬತ್ತು ತಿಂಗಳು ಕಳೆಯಿತು. ಡ್ರಮ್ಮಿನವರ ಫೋನು ಬಂತು.

ಅಲ್ಲಿಗೆ ಮೊದಲು ಹೇಳಿದ ಊಟಕ್ಕೆ ಬಂದೆವು. ಕೊನೆಯಲ್ಲಿ ಪಾಯಸ ಬರುತ್ತಿತ್ತು. ಅತ್ತಿಗೆ ಒಳಗಿನಿಂದ ಬಟ್ಟೆ ಸುತ್ತಿದ ಏನನ್ನೋ ಹಿಡಿದು, ಸಾಲುಗಳ ನಡುವೆ ನನ್ನನ್ನು ಹುಡುಕಿಕೊಂಡು ಬಂದು ಎಲೆಯ ಮುಂದೆ ನಿಂತರು. ಬಟ್ಟೆ ಬಿಚ್ಚಿದರು. ಒಂದು ಹಲಗೆ. ಪ್ಯಾಕಿಂಗ್ ಪೆಟ್ಟಿಗೆಯ ಅಗ್ಗದ ಮರ, ತೋಳುದ್ದ. ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ ಉದ್ದಕ್ಕೆ ಆರು ಗೆರೆ. ಅಡ್ಡಕ್ಕೆ, ಗಿಟಾರಿನ ಕುತ್ತಿಗೆಯಲ್ಲಿರುವ ಹಾಗೆಯೇ, ಹತ್ತಿರ ಹತ್ತಿರವಾಗುತ್ತಾ ಹೋಗುವ ಗೆರೆಗಳು. ಒಂದು ಕೈಯಲ್ಲಿ ಎಳೆದದ್ದು, ಸೊಟ್ಟ.

"ದಿನವಿಡೀ ಟಕ್ಕ ಟಕ್ಕ" ಎಂದರು ಅತ್ತಿಗೆ. "ನಂಗೆ ತಲೆ ಹಾಳಾಗಿ ಹೋಗ್ತಿತ್ತು. ವಾರಂಟಿ ಮುಗಿಯುವಾಗ ಕೈ ತಯಾರಿರಬೇಕು ಅಂತ. ನೀವು ಬಂದರೆ ಇದನ್ನು ಕೊಡಬೇಕು ಅಂತ ಹೇಳಿದ್ದರು." ಸ್ವಲ್ಪ ನೆನಪಿಸಿಕೊಂಡು, ಒಂದು ಮಾತೂ ತಪ್ಪಬಾರದೆಂಬ ಹಾಗೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಒಪ್ಪಿಸಿದರು: "'ಭಾಷಣ ಬರ್ತಾನೆ. ಇದಕ್ಕೆ ವಾರಂಟಿ ಇಲ್ಲ, ಧೈರ್ಯವಾಗಿ ಮುಟ್ಟು ಅಂತ ಹೇಳು.'"

ಪಾಯಸದವನ ಸೌಟು ಗಾಳಿಯಲ್ಲಿ ನಿಂತಿತ್ತು. ಡ್ರಮ್ಮಿನವರು ಮೊದಲು ನಕ್ಕರು. ಆಮೇಲೆ ಸಾಲು ಪೂರ್ತಿ. ಏನೆಂದು ಗೊತ್ತಿಲ್ಲದವರೂ ನಕ್ಕರು.

ಹಲಗೆ ಈಗ ನಮ್ಮ ಮನೆಯಲ್ಲಿದೆ. ಅದರಲ್ಲಿ ಏಳು ಕಡೆ ಮಾರ್ಕರಿನ ಗೆರೆ ಪೂರ್ತಿ ಅಳಿಸಿಹೋಗಿ, ಮರ ಬೆರಳಿನ ಗಾತ್ರಕ್ಕೆ ನುಣುಪಾಗಿದೆ. ಆವತ್ತು ಜಗಲಿಯಲ್ಲಿ ಬಾರಿಸಿದ ಸಾಲೇ ಇರಬೇಕು. ಏಳು ಸ್ಥಾನಗಳನ್ನು ಗಿಟಾರಿನ ಮೇಲೆ ಗುರುತು ಮಾಡಿಕೊಂಡ ಮೇಲೆ ಹೊಳೆಯಿತು, ಯಾವುದರ ನಂತರ ಯಾವುದು ಎಂದು ಹಲಗೆ ಹೇಳುವುದಿಲ್ಲ. ಅದನ್ನು ಕೇಳಿದವರಲ್ಲಿ ನೆನಪಿಡಬೇಕಾಗಿದ್ದವನು ನಾನು. ನಾನು ಉಗುರು ನೋಡುತ್ತಿದ್ದೆ. ಅತ್ತಿಗೆಯನ್ನು ಕೇಳಿದರೆ, "ನಂಗೆ ಎಲ್ಲ ಒಂದೇ ಟಕ್ಕ ಟಕ್ಕ" ಎಂದರು. ಒಂದು ಸ್ವರ ಒಂದೇ ಸಲ ಬರುತ್ತದೆಂದು ಇಟ್ಟುಕೊಂಡರೂ ಏಳನ್ನು ಜೋಡಿಸಲು ಐದು ಸಾವಿರದ ನಲವತ್ತು ದಾರಿಗಳಿವೆ. ಹನ್ನೊಂದನೆಯ ತರಗತಿಯ ಲೆಕ್ಕ.

ಶಾಲೆಯಿಂದ ಬಂದು ಚಾ ಕುಡಿದು ದಿನಕ್ಕೆ ಹತ್ತು ನೋಡುತ್ತೇನೆ. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಎಡಗೈಯನ್ನು ಹಿಂದೆ ಕಟ್ಟಿ, ಬಲಗೈ ಬೆರಳಿನಿಂದ ಕುಟ್ಟುತ್ತೇನೆ. ನೋಡಿದ್ದಕ್ಕೆ ಪುಸ್ತಕದಲ್ಲಿ ಗೆರೆ ಹಾಕುತ್ತೇನೆ. ಅಡುಗೆಮನೆಯಿಂದ ಹೆಂಡತಿಯ ಸ್ವರ ಬರುತ್ತದೆ:

"ಇದಲ್ಲ."

ಯಾವುದೆಂದು ಅವಳಿಗೂ ಗೊತ್ತಿಲ್ಲ. ಆದರೂ ಇಲ್ಲಿಯವರೆಗೆ ಒಮ್ಮೆಯೂ ಅವಳ ಮಾತು ತಪ್ಪಾಗಿಲ್ಲ.